ಸದರಿ ಉಸಿರು

ಅನಾಹುತಕ್ಕೆಲ್ಲ ಕಾರಣ ಮಾತಿನ ಬಾಲಕ್ಕೆ ಮರ್ಯಾದೆಗೆಂದು ಹಚ್ಚುವ ‘ಇರಿ’ ಎಂಬ ಎರಡಕ್ಷರ. ಅದನ್ನು ಉಸಿರಪ್ಪ ಹೇಳಿದ್ದರಿಂದಲ್ಲ, ಹೇಳದೆ ಬಿಟ್ಟದ್ದರಿಂದ.

ಉಸಿರಪ್ಪ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ನಿಂತು, ಬಂದವರಿಗೆಲ್ಲ ‘ಉಸಿರು ಹಿಡಿ, ಅಲ್ಲಾಡಬೇಡ, ಹ್ಞಾ ಬಿಡು’ ಎಂದು ಹೇಳಿ ಹೇಳಿ, ರೋಗಿಗಳು ಪ್ರೀತಿಯಿಂದ ದಯಪಾಲಿಸಿದ ಬಿರುದು. ಈ ಮೂರು ಮಾತಿನಲ್ಲಿ ಅವನು ಯಾವತ್ತೂ ಭೇದ ಮಾಡಿದವನಲ್ಲ. ಮೂಟೆ ಹೊರುವವನಿಗೂ ಅದೇ, ಕಾಲೇಜಿನ ಪ್ರಾಂಶುಪಾಲರಿಗೂ ಅದೇ. ಗಾಜಿನ ಆಚೆ ನಿಂತವರೆಲ್ಲ ಅವನ ಕಣ್ಣಿಗೆ ಎರಡು ಶ್ವಾಸಕೋಶ, ಇಪ್ಪತ್ತನಾಲ್ಕು ಪಕ್ಕೆಲುಬು. ಪಕ್ಕೆಲುಬನ್ನು ಗೌರವದಿಂದ ಮಾತಾಡಿಸಬೇಕೆಂದು ಅವನಿಗೆ ಹೊಳೆದಿರಲೇ ಇಲ್ಲ.

ಹಿಂದಿನ ದಿನ ಕೆಮ್ಮಿಕೊಂಡು ಬಂದವರು ಒಬ್ಬ ನಿವೃತ್ತ ನ್ಯಾಯಾಧೀಶರು. ಉಸಿರಪ್ಪ ಎಂದಿನಂತೆ ತಲೆಯೆತ್ತದೆ ‘ಅಂಗಿ ಬಿಚ್ಚು, ಗಲ್ಲ ಮೇಲೆ ಇಡು, ಉಸಿರು ಹಿಡಿ’ ಎಂದ. ಇಪ್ಪತ್ತೊಂಬತ್ತು ವರ್ಷ ಕಟಕಟೆಯಲ್ಲಿ ಜನರನ್ನು ನಿಲ್ಲಿಸಿದ ತಮ್ಮನ್ನು ಒಬ್ಬ ನೌಕರ ಬರೀ ಬನಿಯನ್ನಿನಲ್ಲಿ ನಿಲ್ಲಿಸಿದ್ದನ್ನಾದರೂ ಅವರು ಸಹಿಸುತ್ತಿದ್ದರೋ ಏನೋ. ಏಕವಚನದಲ್ಲಿ ನಿಲ್ಲಿಸಿದ್ದನ್ನು ಸಹಿಸಲಿಲ್ಲ. ಉಸಿರು ಹಿಡಿದೇ ಮನೆಗೆ ಹೋಗಿ, ನಾಲ್ಕು ಹಾಳೆ ದೂರು ಬರೆದ ಮೇಲೆಯೇ ಬಿಟ್ಟರಂತೆ.

ಬೆಳಿಗ್ಗೆ ಎಂಟೂವರೆಗೆ ದೊಡ್ಡ ಡಾಕ್ಟರಮ್ಮನವರ ಕೋಣೆಯಿಂದ ಕರೆ ಬಂತು. ಆಸ್ಪತ್ರೆಗೆ ಅವರೇ ಮುಖ್ಯ ವೈದ್ಯಾಧಿಕಾರಿ. ಅವರ ಮೇಜಿನ ಪಕ್ಕ ಹೆಡ್ ಗುಮಾಸ್ತರು ನೋಟ್ ಪುಸ್ತಕ ತೆರೆದು ನಿಂತಿದ್ದರು. ಈ ಗುಮಾಸ್ತರ ಬಾಯಿಂದ ‘ಸದರಿ’ ಎಂಬ ಪದವಿಲ್ಲದೆ ಹೆಚ್ಚು ಮಾತು ಹೊರಟದ್ದನ್ನು ಕೇಳಿದವರಿಲ್ಲ. ಹಾಗಾಗಿ ಅವರಿಗೆ ಆಸ್ಪತ್ರೆಯಲ್ಲೆಲ್ಲ ಸದರಿ ಸಾಹೇಬರು ಎಂದೇ ಹೆಸರು. ಬಾಯಾರಿದರೆ ‘ಕುಡಿಯುವ ನೀರಿನ ಅವಶ್ಯಕತೆ ಕಂಡುಬಂದಿರುತ್ತದೆ’ ಎನ್ನುವ ಮನುಷ್ಯ. ಮನಸ್ಸು ಒಳ್ಳೆಯದು. ಆದರೆ ಅದು ಹೊರಗೆ ಬರಬೇಕಾದರೆ ಮೂರು ಮೊಹರು ಬೇಕಾಗುತ್ತಿತ್ತು.

"ನೋಡು, ನಿನಗೆ ಎಷ್ಟು ಸಲ ಬಡ್ಕೊಳ್ಳೋದು," ಎಂದರು ಡಾಕ್ಟರಮ್ಮ. "ಯಾರೇ ಬರಲಿ, ಮರ್ಯಾದೆ ಕೊಟ್ಟು ಬಹುವಚನದಲ್ಲಿ ಮಾತಾಡಿಸಬೇಕು. ತಿಳೀತೇನೋ ನಿನಗೆ?"

ತಿಳಿಯಿತು ಎಂದು ಉಸಿರಪ್ಪ ತಲೆಯಾಡಿಸಿದ. ಬಹುವಚನದ ಪಾಠವನ್ನು ಏಕವಚನದಲ್ಲೇ ಹೇಳಿಸಿಕೊಂಡದ್ದು ಅವನ ಗಮನಕ್ಕೆ ಬರದೆ ಇರಲಿಲ್ಲ. ಆದರೆ ಅದನ್ನು ಎತ್ತಿ ಆಡುವ ಸಮಯ ಅದಾಗಿರಲಿಲ್ಲ. ಡಾಕ್ಟರಮ್ಮ ಮುಂದುವರಿಸಿ, ಇವತ್ತು ಸಂಜೆ ಐದರವರೆಗೆ ಗುಮಾಸ್ತರು ಎಕ್ಸ್‌ರೇ ಕೋಣೆಯಲ್ಲೇ ಕೂತಿರುತ್ತಾರೆ, ಬಾಯಿಂದ ಒಂದೇ ಒಂದು ‘ನೀನು’ ಬಿದ್ದರೂ ನಾಳೆಯಿಂದ ಆ ಕೋಣೆಯೂ ಇಲ್ಲ, ಆಸ್ಪತ್ರೆಯ ಹಿಂದಿನ ವಸತಿಗೃಹವೂ ಇಲ್ಲ ಎಂದರು. ಫೋನಿನಲ್ಲಿ ಮಾತಾಡುವಾಗಲೂ ಇದೇ ನಿಯಮವೇ ಎಂದು ಸದರಿ ಸಾಹೇಬರು ವಿನಯದಿಂದ ಕೇಳಿದರು. ಫೋನಿನಲ್ಲೂ ಇದೇ ಎಂದರು ಡಾಕ್ಟರಮ್ಮ. ಕೆಲವರು ಹೀಗೆ, ಬೀಳುವವನ ಮುಂದೆ ಹಳ್ಳ ಎಷ್ಟು ಆಳವಿದೆ ಎಂದು ಅಳೆಯುತ್ತಾರೆ.

ಉಸಿರಪ್ಪ ಹಲ್ಲು ಕಚ್ಚಿ ನಿರ್ಧಾರ ಮಾಡಿದ. ಒಂದೇ ದಿನ ತಾನೇ. ಎಂಟೂವರೆ ಗಂಟೆ ಕಾಲ ‘ತಾವು’ ಎಂದರೆ ನಾಲಿಗೆ ಸವೆಯುವುದಿಲ್ಲ. ಹೆಂಡತಿ ಕಷ್ಟಪಟ್ಟು ಸೋರುವ ಅಡುಗೆಮನೆ ರಿಪೇರಿ ಮಾಡಿಸಿ ಇನ್ನೂ ತಿಂಗಳಾಗಿಲ್ಲ. ಆ ಮನೆಯನ್ನು ಒಂದು ‘ನೀನು’ವಿಗೆ ಬಲಿ ಕೊಡುವ ಪ್ರಶ್ನೆಯೇ ಇಲ್ಲ.

ಸದರಿ ಸಾಹೇಬರು ಅವನ ಅನುಕೂಲಕ್ಕೆಂದು ಒಂದು ಹಾಳೆಯಲ್ಲಿ ದುಂಡಗೆ ಬರೆದು, ಯಂತ್ರದ ಗುಂಡಿಗಳ ಮೇಲುಗಡೆ ಅಂಟಿಸಿದರು. ‘ಮಾನ್ಯರೇ, ತಾವು ದಯಮಾಡಿ ತಮ್ಮ ಮೇಲಂಗಿಯನ್ನು ಕಳಚುವಂಥವರಾಗಿ. ತರುವಾಯ ತಮ್ಮ ಉಸಿರನ್ನು ಒಳಕ್ಕೆಳೆದು ತಡೆಹಿಡಿಯತಕ್ಕದ್ದು. ತದನಂತರ ಸದರಿ ಉಸಿರನ್ನು ಬಿಡತಕ್ಕದ್ದು.’ ಆಮೇಲೆ ಅವರು ಕಿರಣ ತಡೆಯುವ ಸೀಸದ ದಪ್ಪ ಏಪ್ರನ್ ತೊಟ್ಟು ಮೂಲೆಯ ಸ್ಟೂಲಿನಲ್ಲಿ ಕೂತರು. ಸಣಕಲು ದೇಹದ ಮೇಲೆ ಅದು ಒಣಹಾಕಿದ ಹಾಸಿಗೆಯ ಹಾಗೆ ಜೋತುಬಿದ್ದಿತ್ತು. ಅದರೊಳಗಿಂದ ಪೆನ್ನು ಹಿಡಿದ ಕೈ ಮಾತ್ರ ಹೊರಗೆ ಬಂತು.

ಮೊದಲು ಬಂದವನು ಲಾರಿ ಡ್ರೈವರು. ಎದೆಯಲ್ಲಿ ಏನೋ ಚುಚ್ಚುತ್ತದೆ ಎಂದು ಬಂದಿದ್ದ. ಉಸಿರಪ್ಪನಿಗೆ ಹಳೆಯ ಪರಿಚಯ. ಅವನನ್ನು ಕಂಡ ಕೂಡಲೇ ‘ಏನಯ್ಯಾ, ಯಾರಿಗೆ ಗುದ್ದಿ ಬಂದೆ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಗಾಜಿನ ಹಿಂದೆ ನಿಂತು ಮೈಕಿನಲ್ಲಿ ಹಾಳೆ ನೋಡಿ ಓದತೊಡಗಿದ.

"ತರುವಾಯ ತಮ್ಮ ಉಸಿರನ್ನು..."

ಉಸಿರು ಎಂಬ ಶಬ್ದ ಕೇಳಿದ್ದೇ ಡ್ರೈವರು ಅಭ್ಯಾಸಬಲದಿಂದ ಉಸಿರು ಹಿಡಿದ. ಉಸಿರಪ್ಪ ‘ಒಳಕ್ಕೆಳೆದು’ ಎಂಬಲ್ಲಿಗೆ ಬರುವಾಗ ಅವನ ಕೆನ್ನೆ ಉಬ್ಬಿತ್ತು. ‘ತಡೆಹಿಡಿಯ’ ಎನ್ನುವಾಗ ಕಣ್ಣು ಹೊರಗೆ ಬಂದಿತ್ತು. ‘ತಕ್ಕದ್ದು’ ಎಂದು ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಪಂಕ್ಚರಾದ ಟೈರಿನ ಹಾಗೆ ಬುಸ್ಸೆಂದು ಬಿಟ್ಟ. ಚಿತ್ರ ಮಂಜು ಮುಸುಕಿದ ರಸ್ತೆಯಂತೆ ಬಂತು. ಇನ್ನೊಮ್ಮೆ ತೆಗೆದರೂ ಅದೇ ಹಾಡು. ಎರಡನೆಯ ಸಲ ಉಸಿರಪ್ಪ ಅವಸರ ಅವಸರವಾಗಿ ಓದಿ ಮುಗಿಸಿದ. ಡ್ರೈವರು ಆಗ ಇನ್ನೂ ಉಸಿರು ಎಳೆಯುತ್ತಲೇ ಇದ್ದ.

ಮೂರನೆಯದು ಹೇಗೋ ಆಯಿತು. ಡ್ರೈವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದ.

"ಯಾಕಣ್ಣ, ನನ್ನ ಮೇಲೆ ಕೋಪಾನಾ?"

"ಖಂಡಿತ ಇಲ್ಲ. ತಾವು ಹೊರಗೆ ದಯಮಾಡಿಸಬಹುದು."

ಡ್ರೈವರು ಅವನ ಮುಖವನ್ನು ನೋಡಿದ, ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಏಪ್ರನ್ನನ್ನು ನೋಡಿದ, ಪರದೆಯ ಮೇಲಿದ್ದ ಮೂರು ಚಿತ್ರಗಳನ್ನು ನೋಡಿದ. ಒಂದು ಎದೆಗೆ ಮೂರು ಚಿತ್ರ ಯಾಕೆ ತೆಗೆಯುತ್ತಾರೆ ಎಂದು ಯೋಚಿಸುತ್ತ, ಗೋಡೆ ಹಿಡಿದುಕೊಂಡು ಹೊರಗೆ ಹೋದ.

ನಂತರ ಬಂದದ್ದು ಅಜ್ಜಿ. ವರ್ಷಕ್ಕೆ ನಾಲ್ಕು ಸಲ ಎದೆಯ ಫೋಟೋ ತೆಗೆಸಿಕೊಳ್ಳುವುದು ಅವಳಿಗೆ ನೆಂಟರ ಮನೆಗೆ ಹೋಗಿಬಂದಷ್ಟೇ ಸಂತೋಷದ ಸಂಗತಿ. ಬಂದಾಗಲೆಲ್ಲ ಉಸಿರಪ್ಪ ‘ಏ ಅಜ್ಜಿ, ಇನ್ನೂ ಇದ್ದೀಯಾ’ ಎನ್ನುವನು, ಅವಳು ‘ನಿನ್ನ ಕಳಿಸಿಯೇ ಹೋಗೋದು ಕಣೋ’ ಎನ್ನುವಳು, ಇಬ್ಬರೂ ನಗುವರು. ಅವಳಿಗೆ ಅರ್ಧ ಔಷಧಿ ಅದೇ.

"ಬನ್ನಿ ಅಜ್ಜಿಯವರೇ. ತಾವು ದಯಮಾಡಿ ಈ ಕಡೆ ಆಸೀನರಾಗಿ," ಎಂದ ಉಸಿರಪ್ಪ.

ತನ್ನ ಹಿಂದೆ ಯಾರು ಬಂದರೆಂದು ಅಜ್ಜಿ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಮೆಲ್ಲಗೆ ಕೂತಳು. ಅವಳ ಮುಖ ಇಳಿಯುತ್ತ ಹೋಯಿತು.

"ನಿಜ ಹೇಳು ಮಗಾ," ಎಂದಳು. "ಎಷ್ಟು ದಿನ ಉಳಿದಿದೆ ನನಗೆ?"

ಅಂಥದ್ದೇನೂ ಇಲ್ಲ, ತಾವು ಆರೋಗ್ಯವಾಗಿಯೇ ಇದ್ದೀರಿ ಎಂದು ಉಸಿರಪ್ಪ ಹೇಳಿದಷ್ಟೂ ಅವಳ ಅನುಮಾನ ಗಟ್ಟಿಯಾಯಿತು.

"ನಮ್ಮನೆಯವರಿಗೂ ಕೊನೇ ವಾರ ಹೀಗೇ ಅಂತಿದ್ರು. ಅಲ್ಲೀವರೆಗೂ ಏನಯ್ಯ, ಬಾರಯ್ಯ ಅಂತಿದ್ದ ಡಾಕ್ಟ್ರು ಒಂದಿನ ತಾವು ಅಂದ್ರು. ಮೂರು ದಿನಕ್ಕೆ ಹೋಗ್ಬಿಟ್ರು ನೋಡು."

ಒಂದೇ ಒಂದು ‘ಏ ಅಜ್ಜಿ’ ಅಂದರೆ ಸಾಕು, ಅವಳು ಎದ್ದು ಓಡುತ್ತಾಳೆ ಎಂದು ಉಸಿರಪ್ಪನಿಗೆ ಗೊತ್ತಿತ್ತು. ಆದರೆ ಮೂಲೆಯಲ್ಲಿ ಪೆನ್ನು ಕಾಗದದ ಮೇಲೆ ತುದಿಗಾಲಲ್ಲಿ ನಿಂತಿತ್ತು. ಕಣ್ಣಿನಲ್ಲೇ ಸನ್ನೆ ಮಾಡಿ ನೋಡಿದ. ಅದನ್ನು ಅಜ್ಜಿ ಅವನು ಅಳು ತಡೆದುಕೊಳ್ಳುತ್ತಿದ್ದಾನೆಂದು ತಿಳಿದು, ಅವನ ತಲೆ ಸವರಿ ಸಮಾಧಾನ ಮಾಡಿದಳು. ಹೊರಗೆ ಹೋಗಿ ಬೆಂಚಿನ ಮೇಲೆ ಉದ್ದಕ್ಕೆ ಮಲಗಿ, ಕೋಳಿಗಳೆಲ್ಲ ದೊಡ್ಡ ಮಗಳಿಗೆ, ಹೊಲಿಗೆ ಯಂತ್ರ ಚಿಕ್ಕವಳಿಗೆ ಎಂದು ಪಕ್ಕದವರಿಗೆ ಹೇಳಿ, ಮಕ್ಕಳನ್ನು ಕರೆಸಲು ಫೋನ್ ಮಾಡಿಸಿದಳು.

ಅಷ್ಟು ಸಾಕಾಯಿತು. ಆಸ್ಪತ್ರೆಯ ಓಣಿಯಲ್ಲಿ ಸುದ್ದಿಗೆ ಸ್ಟ್ರೆಚರ್ ಬೇಕಾಗುವುದಿಲ್ಲ. ಒಳಗೆ ಒಬ್ಬ ಮೇಲಿನವರು ಕೂತು ಯಾರು ಉಳಿಯುತ್ತಾರೆ ಯಾರು ಇಲ್ಲ ಎಂದು ಪಟ್ಟಿ ಬರೆಯುತ್ತಿದ್ದಾರಂತೆ, ಆ ಪಟ್ಟಿ ನೋಡಿಯೇ ಉಸಿರಪ್ಪ ಮರ್ಯಾದೆ ಕೊಡುತ್ತಿದ್ದಾನಂತೆ ಎಂದಾಯಿತು. ಹೊರಗೆ ಬಂದವರನ್ನೆಲ್ಲ ಜನ ಮುತ್ತಿಕೊಂಡು ಏನಂದ ಏನಂದ ಎಂದು ಕೇಳತೊಡಗಿದರು. ಅರ್ಧ ಗಂಟೆಯೊಳಗೆ ಓಣಿಯಲ್ಲಿ ಒಂದು ವೈದ್ಯಶಾಸ್ತ್ರವೇ ಸಿದ್ಧವಾಯಿತು. ‘ನೀವು’ ಅಂದರೆ ಔಷಧಿಗೆ ಬಗ್ಗುವ ಕಾಯಿಲೆ. ‘ತಾವು’ ಅಂದರೆ ಆಪರೇಷನ್. ‘ಮಾನ್ಯರೇ’ ಅಂದರೆ ಮನೆಯವರಿಗೆ ಹೇಳಿಕಳಿಸುವುದು ಒಳ್ಳೆಯದು. ಕೈಬೆರಳಿಗೆ ಬಾಗಿಲು ಬಡಿದು ಬಂದಿದ್ದ ಬಡಗಿಯೊಬ್ಬ, ತನಗೆ ‘ಮಾನ್ಯರೇ’ ಎಂದದ್ದನ್ನು ಕೇಳಿ, ಬೆರಳಿನಿಂದಲೂ ಸಾಯುತ್ತಾರೆಯೇ ಎಂದು ಚಿತ್ರ ತೆಗೆಸದೆಯೇ ಹೊರಬಂದು, ಮೆಟ್ಟಿಲ ಪಕ್ಕದ ಗೋಡೆಗೊರಗಿ ಕುಸಿದ.

ಹನ್ನೊಂದೂವರೆಗೆ ಕೋಣೆಯ ಫೋನ್ ಹೊಡೆದುಕೊಂಡಿತು. ಹೆಂಡತಿ.

"ರೀ, ಊಟಕ್ಕೆ ಬರ್ತೀರಾ, ಡಬ್ಬಿ ತಂದುಕೊಡ್ಲಾ?"

ಉಸಿರಪ್ಪ ಮೂಲೆಯ ಪೆನ್ನನ್ನು ನೋಡಿದ. "ತಾವು ಕರೆ ಮಾಡಿದ್ದು ಸಂತೋಷ. ಊಟದ ವಿಷಯವನ್ನು ಆಮೇಲೆ ತಿಳಿಸಲಾಗುವುದು."

ಆ ಕಡೆಯ ಕಿವಿ ನಿಮಿರಿತು. ಹದಿನೆಂಟು ವರ್ಷದ ಸಂಸಾರದಲ್ಲಿ ‘ಏನೇ’, ‘ಬಾರೇ’, ‘ಎಲ್ಲಿಟ್ಟೆಯೇ’ ಬಿಟ್ಟು ಬೇರೆ ಕೇಳದ ಕಿವಿ ಅದು.

"ಪಕ್ಕದಲ್ಲಿ ಯಾರಿದ್ದಾರೆ?"

"ಕಛೇರಿಯವರೊಬ್ಬರು ಕೂತಿದ್ದಾರೆ."

"ಒಬ್ಬರು ಅಂದ್ರೆ? ಗಂಡಸೋ ಹೆಂಗಸೋ?"

ಗಂಡಸು ಎನ್ನಲು ಬಾಯಿ ತೆರೆದ. ಆದರೆ ಮೇಲಿನವರನ್ನು ಅವರ ಎದುರೇ ‘ಗಂಡಸು’ ಎನ್ನುವುದು ಗೌರವವೋ ಅಗೌರವವೋ ಹಾಳೆಯಲ್ಲಿ ಬರೆದಿರಲಿಲ್ಲ. ಯಾವುದಕ್ಕೂ ಇರಲಿ ಎಂದು, "ಗೌರವಾನ್ವಿತರು," ಎಂದ.

ಬಹುವಚನಕ್ಕಿರುವ ದೊಡ್ಡ ದೋಷ ಇದೇ. ಮರ್ಯಾದೆ ಹೆಚ್ಚಿದಷ್ಟೂ ಒಳಗಿರುವುದು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ಫೋನ್ ಟಪ್ಪೆಂದು ಇಟ್ಟ ಸದ್ದಾಯಿತು. ವಸತಿಗೃಹದಿಂದ ಎಕ್ಸ್‌ರೇ ಕೋಣೆಗೆ ನಡೆದರೆ ಆರು ನಿಮಿಷ. ಅವಳು ಮೂರೇ ನಿಮಿಷಕ್ಕೆ ಓಣಿಯ ತುದಿಯಲ್ಲಿ ಕಾಣಿಸಿಕೊಂಡಳು.

ಅಲ್ಲಿ ಆಗಲೇ ಸಂತೆ ನೆರೆದಿತ್ತು. ಅಜ್ಜಿಯ ಇಬ್ಬರು ಹೆಣ್ಣುಮಕ್ಕಳು ಬಂದು ಅಳುವುದನ್ನೂ ಹೊಲಿಗೆ ಯಂತ್ರದ ಬಗ್ಗೆ ಜಗಳವಾಡುವುದನ್ನೂ ಒಟ್ಟಿಗೇ ನಡೆಸಿದ್ದರು. ಡ್ರೈವರು, ತನ್ನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿ ಎಂದು ಕೂತುಬಿಟ್ಟಿದ್ದ. ಉಸಿರಪ್ಪನ ಹೆಂಡತಿ ಏದುಸಿರು ಬಿಡುತ್ತ ಬಂದದ್ದನ್ನು ಕಂಡು ಯಾರೋ ಒಬ್ಬರು, ಪಾಪ ಇವಳ ಮನೆಯವರಿಗೂ ‘ತಾವು’ ಅಂದರೆಂದು ಕಾಣುತ್ತದೆ ಎಂದು ಕನಿಕರಪಟ್ಟರು. ಒಳಗಿರುವುದು ಯಾರು, ಆಚೆ ಬರಲಿ ಎಂದು ಅವಳು ಬಾಗಿಲು ಬಡಿದಳು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಒಳಗಿಂದ ಉಸಿರಪ್ಪನ ದನಿ, "ತಾವು ತುಸು ತಾಳ್ಮೆಯಿಂದಿರುವಂಥವರಾಗಿ," ಎಂದಿತು. ಅದನ್ನು ಕೇಳಿ ಅವಳು ಎರಡೂ ಕೈಯಲ್ಲಿ ಬಡಿಯತೊಡಗಿದಳು.

ಗಲಾಟೆ ಮಹಡಿಯ ತನಕ ಕೇಳಿಸಿತು. ದೊಡ್ಡ ಡಾಕ್ಟರಮ್ಮ ಏನಿದು ಎಂದು ದಡದಡನೆ ಇಳಿದು ಬಂದರು. ಬಡಗಿ ಕುಸಿದಾಗ ಅವನ ಮುಖಕ್ಕೆ ಯಾರೋ ನೀರು ಎರಚಿದ್ದರು. ಮುಖಕ್ಕೆ ತಗುಲಿದ್ದು ಕಾಲು ಭಾಗ. ಉಳಿದ ಮುಕ್ಕಾಲು ಮೆಟ್ಟಿಲ ಬುಡದಲ್ಲಿ ಕಾಯುತ್ತ ಬಿದ್ದಿತ್ತು. ಡಾಕ್ಟರಮ್ಮನವರ ಬಲಗಾಲು ಅದನ್ನು ಮುಟ್ಟಿದ್ದಷ್ಟೇ ಗೊತ್ತು. ಮರುಕ್ಷಣ ಅವರ ಕನ್ನಡಕ ಒಂದು ಕಡೆ, ಅವರು ಒಂದು ಕಡೆ. ಪಕ್ಕೆ ಮೆಟ್ಟಿಲ ಅಂಚಿಗೆ ಬಡಿದು, ಉಸಿರಾಡಲೂ ಆಗದಂತೆ ನೋವು. ಗಾಲಿಕುರ್ಚಿಯಲ್ಲಿ ಕೂರಿಸಿ ಎಕ್ಸ್‌ರೇ ಕೋಣೆಗೆ ತಂದರು.

ಗಾಲಿಕುರ್ಚಿಯಲ್ಲಿರುವುದು ಯಾರೆಂದು ಉಸಿರಪ್ಪ ನೋಡಿದ. ಆದರೂ ಅವನ ನಿರ್ಧಾರ ನಡುಗಲಿಲ್ಲ. ಇಷ್ಟು ಹೊತ್ತು ಕಾಪಾಡಿಕೊಂಡ ಬಹುವಚನವನ್ನು, ಅದನ್ನು ಕಾಪಾಡು ಎಂದವರ ಮುಂದೆಯೇ ಕಳೆಯುವುದುಂಟೇ? ಅವರನ್ನು ಮೆಲ್ಲಗೆ ಹಲಗೆಗೆ ಒರಗಿಸಿ ನಿಲ್ಲಿಸಿ, ಗಾಜಿನ ಹಿಂದೆ ಹೋಗಿ, ಮೈಕಿಗೆ ಬಾಯಿಟ್ಟ.

"ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ, ತಾವು ದಯಮಾಡಿ ತಮ್ಮ ಉಸಿರನ್ನು ಒಳಕ್ಕೆಳೆದು ತಡೆಹಿಡಿಯತಕ್ಕದ್ದು."

‘ವೈದ್ಯಾಧಿಕಾರಿಗಳೇ’ ಎಂಬಲ್ಲೇ ಅವರು ಉಸಿರು ಎಳೆದಿದ್ದರು. ‘ತಡೆಹಿಡಿಯ’ ಎಂಬಲ್ಲಿ ಪಕ್ಕೆ ಹಿಡಿದುಕೊಂಡು ನರಳಿದರು. ಚಿತ್ರ ಅಲುಗಾಡಿಹೋಯಿತು. ಕ್ಷಮೆಯಿರಲಿ, ಇನ್ನೊಮ್ಮೆ ದಯಮಾಡಿಸಬೇಕು ಎಂದ. ಅದೂ ಅಲುಗಾಡಿತು. ಮೂರನೆಯ ಸಲ ಅವನು ‘ಮಾನ್ಯ’ ಎನ್ನುತ್ತಿದ್ದಂತೆ ಡಾಕ್ಟರಮ್ಮ ತಿರುಗಿ ಗಾಜಿನತ್ತ ನೋಡಿದರು. ಇಪ್ಪತ್ತು ವರ್ಷ ರೋಗಿಗಳಿಗೆ ಧೈರ್ಯ ಹೇಳಿದ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಯಾಕೋ ಹಾಗೆ ಮಾತಾಡ್ತೀಯಾ? ಏನಾದ್ರೂ ಕಂಡಿತಾ ಒಳಗೆ? ಮುಚ್ಚಿಡಬೇಡ, ಹೇಳಿಬಿಡು."

ಉಸಿರಪ್ಪ ಹಾಳೆಯನ್ನು ನೋಡಿದ. ಮೂಲೆಯ ಪೆನ್ನನ್ನು ನೋಡಿದ. ಗಾಜಿನ ಆಚೆ ನಿಂತ ಇಪ್ಪತ್ತನಾಲ್ಕು ಪಕ್ಕೆಲುಬುಗಳನ್ನು ನೋಡಿದ. ಅವು ಹೆದರಿದ್ದವು. ಹೆದರಿದ ಪಕ್ಕೆಲುಬಿಗೆ ಏನು ಹೇಳಬೇಕೆಂದು ಅವನಿಗೆ ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು. ಕೆಲಸ ಹೋದರೆ ಹೋಗಲಿ, ಚಿತ್ರ ಕೆಡಬಾರದು. ಹಾಳೆಯನ್ನು ಪರ್ರನೆ ಕಿತ್ತ.

"ಏನೂ ಆಗಿಲ್ಲ, ಸುಮ್ನಿರು. ಉಸಿರು ಹಿಡಿ. ಅಲ್ಲಾಡಬೇಡ. ಹ್ಞಾ... ಬಿಡು."

ಚಿತ್ರ ಕನ್ನಡಿಯ ಹಾಗೆ ಬಂತು. ಎಲ್ಲೂ ಒಂದು ಗೆರೆಯಷ್ಟೂ ಬಿರುಕಿಲ್ಲ, ಬರೀ ಒಳಪೆಟ್ಟು. ಮೂಲೆಯಲ್ಲಿ ಪೆನ್ನು ಕಾಗದದ ಮೇಲೆ ಓಡಿತು. ಡಾಕ್ಟರಮ್ಮ ಕಣ್ಣು ಮುಚ್ಚಿ ನಿಂತರು. ಆಮೇಲೆ ನಗತೊಡಗಿದರು, ನೋವಾಯಿತೆಂದು ನಿಲ್ಲಿಸಿದರು, ಮತ್ತೆ ನಕ್ಕರು. ಹೊರಗೆ ಯಾಕಷ್ಟು ಜನ ಅಳುತ್ತಿದ್ದಾರೆಂದು ಅವರಿಗೆ ಆಗ ಅರ್ಥವಾಯಿತು.

"ಸಾಕು ಈ ನಾಟಕ," ಎಂದರು ಗುಮಾಸ್ತರ ಕಡೆ ತಿರುಗಿ. "ಈ ಮನುಷ್ಯನ್ನ ಬಿಟ್ಬಿಡಿ ಇನ್ಮೇಲೆ. ಇವತ್ತೇ ಆರ್ಡರ್ ಬರೆದು ತನ್ನಿ, ಹೊರಡೋ ಮುಂಚೆ ಸಹಿ ಹಾಕ್ತೀನಿ."

ಸದರಿ ಸಾಹೇಬರು ಒಂದಕ್ಷರ ಬಿಡದೆ ಬರೆದುಕೊಂಡರು. ಉಸಿರಪ್ಪ ಗಾಜಿಗೆ ಹಣೆಯೊತ್ತಿ, ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟ.

ಅವನು ಬಾಗಿಲು ತೆರೆದು ಓಣಿಗೆ ಬಂದದ್ದೇ ತಡ, ಬೆಂಚಿನ ಹತ್ತಿರ ಹೋಗಿ, "ಏ ಅಜ್ಜಿ, ಏಳು. ಬೆಂಚು ನಿಮ್ಮಪ್ಪಂದಾ?" ಎಂದ. ಅಜ್ಜಿ ಒಂದು ಕಣ್ಣು ತೆರೆದಳು, ಇನ್ನೊಂದನ್ನೂ ತೆರೆದಳು, ಎದ್ದು ಕೂತು ಹೊಲಿಗೆ ಯಂತ್ರವನ್ನು ಯಾರಿಗೂ ಕೊಡುವುದಿಲ್ಲ ಎಂದು ಮಕ್ಕಳಿಗೆ ಸಾರಿದಳು. ಡ್ರೈವರಿಗೆ ಅವನು ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಡ್ರೈವರು ಅದನ್ನು ಕೇಳಿ ಕೈಮುಗಿದು, ಎದೆ ನೋವು ಅರ್ಧ ಕಡಿಮೆಯಾಯಿತೆಂದು ಹೇಳಿ ಲಾರಿ ಹತ್ತಿದ. ಹೆಂಡತಿಗೆ ಮಾತ್ರ ಗೌರವಾನ್ವಿತರನ್ನು ಕಣ್ಣಾರೆ ತೋರಿಸಬೇಕಾಯಿತು. ಏಪ್ರನ್ನಿನೊಳಗಿಂದ ಸದರಿ ಸಾಹೇಬರ ಮೀಸೆ ಹೊರಬಂದದ್ದನ್ನು ನೋಡಿದ ಮೇಲೆ ಅವಳು ಸೆಟೆದ ಮುಖ ಸಡಿಲಿಸಿ, ಡಬ್ಬಿ ತರಲು ಮನೆಗೆ ಹೋದಳು.

ಮಧ್ಯಾಹ್ನದ ಮೇಲೆ ಉಸಿರಪ್ಪನ ಕೆಲಸ ನೋಡಬೇಕಿತ್ತು. ಮೂವತ್ತೊಂದು ಎದೆ, ಒಂಬತ್ತು ಮಂಡಿ, ಬಡಗಿಯ ಒಂದು ಬೆರಳು. ಒಂದೂ ಮಸುಕಾಗಲಿಲ್ಲ. ಬಾರೋ, ನಿಲ್ಲೋ, ಹಿಡಿ, ಬಿಡು, ಹೋಗು. ಕೋಣೆಯೊಳಗೆ ಸರಪಳಿಯ ಹಾಗೆ ಜನ ಹರಿದರು.

ಐದು ಗಂಟೆಗೆ ಸರಿಯಾಗಿ ಸದರಿ ಸಾಹೇಬರು ಬಂದರು. ಕೈಯಲ್ಲಿ ಮೊಹರು ಬಿದ್ದ ಕಾಗದ. ಹೆಂಡತಿ ಖಾಲಿ ಡಬ್ಬಿ ತೆಗೆದುಕೊಂಡು ಹೋಗಲು ಬಂದವಳು ಅಲ್ಲೇ ನಿಂತಿದ್ದಳು. ಆರ್ಡರ್ ಎಂದು ಕೇಳಿದ್ದೇ ಉಸಿರಪ್ಪ ತಲುಪಿದ್ದಕ್ಕೆ ಸಹಿ ಹಾಕಿಕೊಟ್ಟು, ಹೆಂಡತಿಗೂ ಕೇಳಿಸಲೆಂದು ಎದೆಯುಬ್ಬಿಸಿ ಗಟ್ಟಿಯಾಗಿ ಓದಿದ.

"ಸದರಿ ಆಸ್ಪತ್ರೆಯ ಕ್ಷ-ಕಿರಣ ವಿಭಾಗದ ಸದರಿ ನೌಕರರನ್ನು, ಮುಖ್ಯ ವೈದ್ಯಾಧಿಕಾರಿಗಳ ಮೌಖಿಕ ನಿರ್ದೇಶನದ ಅನ್ವಯ, ಈ ದಿನ ಅಪರಾಹ್ನದಿಂದ ಜಾರಿಗೆ ಬರುವಂತೆ, ಬಿಡುಗಡೆಗೊಳಿಸಿ ಆದೇಶಿಸಲಾಗಿದೆ."

ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಂದು ಸದರಿ ಸಾಹೇಬರ ಕೈ ಕುಲುಕಿದ. ಬಿಡುಗಡೆ ಅಂದರೆ ಬಿಡುಗಡೆಯೇ, ಇನ್ನು ಯಾವ ಬಹುವಚನವೂ ತನ್ನನ್ನು ಕಟ್ಟಿಹಾಕುವ ಹಾಗಿಲ್ಲ ಎಂದು ಹೆಂಡತಿಗೆ ವಿವರಿಸಿದ. ಸದರಿ ಸಾಹೇಬರು ಕುಲುಕಿಸಿಕೊಂಡ ಕೈಯನ್ನು ಹಾಗೇ ಚಾಚಿ ನಿಂತಿದ್ದರು.

"ಸದರಿ ಕೊಠಡಿಯ ಬೀಗದ ಕೈಗಳನ್ನು ಹಸ್ತಾಂತರಿಸತಕ್ಕದ್ದು," ಎಂದರು.

"ಬೀಗದ ಕೈ ಯಾಕೆ?"

"ತಮ್ಮನ್ನು ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ. ವಸತಿಗೃಹದ ವಿಷಯ ಹಿಂಬದಿಯಲ್ಲಿದೆ. ಏಳು ದಿನಗಳ ಕಾಲಾವಕಾಶ ನೀಡಲಾಗಿದೆ."

ಉಸಿರಪ್ಪ ಕಾಗದ ತಿರುಗಿಸಿ ನೋಡಿದ. ಏಳು ದಿನ ಎಂದೇ ಬರೆದಿತ್ತು.

"ಮೇಡಂ ಹೇಳಿದ್ದು ನನ್ನ ಬಿಟ್ಬಿಡಿ ಅಂತಲ್ವಾ ಸಾರ್? ನನ್ನ ಪಾಡಿಗೆ ಬಿಡಿ ಅಂತ."

"ಪಾಡು ಎಂಬ ಪದವನ್ನು ಅವರು ಬಳಸಿರುವುದಿಲ್ಲ," ಎಂದರು ಸದರಿ ಸಾಹೇಬರು, ನೋಟ್ ಪುಸ್ತಕ ತೆರೆದು ತೋರಿಸುತ್ತ. "ಬಿಟ್ಬಿಡಿ ಎಂದಿದ್ದಾರೆ. ಅದು ಆಡುಮಾತು. ಅದನ್ನೇ ಕಛೇರಿ ಭಾಷೆಗೆ ತಂದಿದ್ದೇನೆ. ನೌಕರನನ್ನು ಬಿಡುವುದಕ್ಕೆ ನಮ್ಮಲ್ಲಿ ಇರುವುದು ಅದೊಂದೇ ಪದ."

ಡಾಕ್ಟರಮ್ಮನವರು ಓದಲಿಲ್ಲವೇ ಎಂದು ಹೆಂಡತಿ ಕೇಳಿದಳು. ಕನ್ನಡಕ ಒಡೆದಿದ್ದರಿಂದ ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಬೆರಳಿಟ್ಟು ತೋರಿಸಿ ಎಂದರಂತೆ. ಸಹಿ ಹಾಕಿದವರೇ, ಎರಡು ವಾರದ ರಜೆಯ ಮೇಲೆ ಬೇರೆ ಊರಿನ ಅಕ್ಕನ ಮನೆಗೆ ಹೊರಟುಹೋಗಿದ್ದರು. ಮಲಗಿರುತ್ತೇನೆ, ಯಾರೂ ಫೋನ್ ಮಾಡಬಾರದು ಎಂದು ಹೇಳಿಯೂ ಹೋಗಿದ್ದರು. ಮೊಹರು ಬಿದ್ದ ಆದೇಶವನ್ನು ಬಾಯಿಮಾತಿನಲ್ಲಿ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಬಾಧಿತರು ಈ ದಿನವೇ ಸ್ವಹಸ್ತದಿಂದ, ಕಛೇರಿ ಭಾಷೆಯಲ್ಲಿ, ಹೆಡ್ ಗುಮಾಸ್ತರ ಮುಖಾಂತರ ಮನವಿ ಸಲ್ಲಿಸಿದರೆ ಪರಿಶೀಲಿಸಬಹುದು ಎಂದರು ಸದರಿ ಸಾಹೇಬರು. ಹೇಳುವಾಗ ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ನಾನೇ ತಿದ್ದಿಕೊಡುತ್ತೇನೆ, ಧೈರ್ಯವಾಗಿರಿ ಎಂದೂ ಸೇರಿಸಿದರು.

ಉಸಿರಪ್ಪ ಸೋಲುವ ಆಸಾಮಿಯಲ್ಲ. ಸ್ಟೂಲು ಎಳೆದುಕೊಂಡು ಕೂತ. ಬೆಳಿಗ್ಗೆ ಆಡಿದ ಅಷ್ಟೂ ಬಹುವಚನಗಳನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಒಂದೂ ಬರಲಿಲ್ಲ. ಕೊನೆಗೆ ಮನಸ್ಸಿನಲ್ಲಿದ್ದದ್ದನ್ನೇ, ‘ದಯವಿಟ್ಟು ನನ್ನನ್ನ ಬಿಡಬೇಡಿ’ ಎಂದು ಒಂದು ಸಾಲು ಬರೆದು ಮುಂದಿಟ್ಟ.

ಇದು ಬೀದಿಯ ಮಾತಾಯಿತು ಎಂದು ಸದರಿ ಸಾಹೇಬರು ತಲೆಯಲ್ಲಾಡಿಸಿ, ಪೆನ್ನು ತೆಗೆದರು. ಹೊಡೆದುಹಾಕಿದರು, ಬರೆದರು, ಮತ್ತೊಂದು ಪದ ಸೇರಿಸಿದರು. ಹಾಳೆ ತಿರುಗಿ ಉಸಿರಪ್ಪನ ಕೈಗೆ ಬಂತು. ಅವನು ಹೆಂಡತಿಗೆ ಓದಿ ಹೇಳಿದ.

"ಅರ್ಜಿದಾರನಾದ ನನ್ನನ್ನು ಯಾವುದೇ ಕಾರಣಕ್ಕೂ ಬಿಡುಗಡೆಗೊಳಿಸದೆ, ಅನಿರ್ದಿಷ್ಟ ಅವಧಿಯವರೆಗೆ ವಶದಲ್ಲಿ ಇರಿಸಿಕೊಳ್ಳಬೇಕಾಗಿ ಈ ಮೂಲಕ ಪ್ರಾರ್ಥಿಸುತ್ತೇನೆ."

"ವಶದ ವಿಷಯವಾದ್ದರಿಂದ ಒಂದು ಪ್ರತಿ ಪೊಲೀಸ್ ಠಾಣೆಗೂ ಹೋಗತಕ್ಕದ್ದು," ಎಂದು ಸದರಿ ಸಾಹೇಬರು ಕೆಳಗೆ ಸಣ್ಣಕ್ಷರದಲ್ಲಿ ಬರೆದರು.

ಉಸಿರಪ್ಪ ಪೆನ್ನು ಹಿಡಿದು ಹೆಂಡತಿಯ ಮುಖ ನೋಡಿದ. ಅವಳು ಕಾಗದವನ್ನು ನೋಡಿದಳು, ಹಿಂಬದಿಯ ಏಳು ದಿನವನ್ನು ಮನಸ್ಸಿನಲ್ಲೇ ಎಣಿಸಿದಳು, ಖಾಲಿ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಸಹಿ ಹಾಕಿಬಿಡ್ರಿ," ಎಂದಳು. "ಮನೆ ಹೋದ್ಮೇಲೆ ನಿಮಗೊಬ್ಬರಿಗಾದ್ರೂ ಮಲಗೋಕೆ ಒಂದು ಜಾಗ ಸಿಗುತ್ತೆ."